ಇಳಿಯುವ ಮುನ್ನ ಹತ್ತುವ ಲೆಕ್ಕ ಹಾಕಿ: ಬೇಸಿಗೆಯಲ್ಲಿ ಮರುಭೂಮಿ ಕಮರಿಯ ಚಾರಣ

ಬೆಟ್ಟ ಹತ್ತುವಾಗ ಸುಸ್ತಾದರೆ ಅಲ್ಲಿಂದಲೇ ಕೆಳಗಿಳಿದು ಬಂದುಬಿಡಬಹುದು. ಕಮರಿಯಲ್ಲಿ ಎಲ್ಲ ತಿರುವುಮುರುವು. ಬೆಳಗಿನ ತಂಪಿನಲ್ಲಿ, ಮೈಯಲ್ಲಿ ಕಸುವಿರುವಾಗ ಸಲೀಸಾಗಿ ಇಳಿಯುತ್ತೀರಿ. ಹತ್ತಬೇಕಾದದ್ದು ಕಾಲು ಸೋತ ಮೇಲೆ, ಬಿಸಿಲು ನೆತ್ತಿಗೇರಿದ ಮೇಲೆ. ಅಮೆರಿಕದ ಅರಿಜೋನಾದಲ್ಲಿರುವ ಗ್ರ್ಯಾಂಡ್ ಕ್ಯಾನ್ಯನ್ ನೋಡಿ. ದಕ್ಷಿಣದ ಅಂಚಿನಿಂದ ಕೊಲರಾಡೊ ನದಿಗೆ ಸುಮಾರು 1,400 ಮೀಟರ್ ಇಳಿಯಬೇಕು. ಇಳಿದಷ್ಟೂ ಸೆಕೆ ಜಾಸ್ತಿ. ಬೇಸಿಗೆಯಲ್ಲಿ ತಳದಲ್ಲಿ ನೆರಳಿನಲ್ಲೇ 40 ಡಿಗ್ರಿ ದಾಟುವುದು ಮಾಮೂಲು.

1. ಹಿಂದಿರುಗುವ ಹೊತ್ತನ್ನು ಮೇಲೆಯೇ ಗೊತ್ತುಮಾಡಿ

ಬೆಳಕು ಹರಿಯುವ ಮೊದಲೇ ಹೊರಡಿ. ಬೆಳಿಗ್ಗೆ 10ರಿಂದ ಸಂಜೆ 4ರವರೆಗೆ ಕಮರಿಯೊಳಗೆ ನಡೆಯಬೇಡಿ ಎಂದು ಅಲ್ಲಿನ ರೇಂಜರ್‌ಗಳು ಹೇಳುತ್ತಾರೆ. ಹತ್ತಲು ಇಳಿದದ್ದರ ಎರಡರಷ್ಟು ಸಮಯ ಹಿಡಿಯಿರಿ. ಅಂದರೆ ಕೈಯಲ್ಲಿ ಆರು ಗಂಟೆ ಇದ್ದರೆ, ಎರಡು ಗಂಟೆ ಇಳಿದು ತಿರುಗಲೇಬೇಕು. ‘ಚೆನ್ನಾಗಿಯೇ ಇದ್ದೀನಲ್ಲ, ಇನ್ನೊಂದು ತಿರುವು ನೋಡಿಬರೋಣ’ ಅನ್ನಿಸುತ್ತದೆ. ಆ ಮಾತಿಗೆ ದಯವಿಟ್ಟು ಕಿವಿಗೊಡಬೇಡಿ. ಸುಸ್ತು ಶುರುವಾದ ಮೇಲೆ ತಿರುಗಿದರೆ ತಡವಾಯಿತು ಎಂದೇ ಅರ್ಥ. ಒಂದೇ ದಿನದಲ್ಲಿ ನದಿ ಮುಟ್ಟಿ ವಾಪಸ್ ಬರುವ ಯೋಚನೆಯಂತೂ ಬೇಡವೇ ಬೇಡ.

ದಾರಿ ಯಾವುದು, ಎಷ್ಟು ಹೊತ್ತಿಗೆ ಬರುತ್ತೀರಿ ಎಂದು ಮೇಲಿರುವ ಯಾರಿಗಾದರೂ ಹೇಳಿ ಹೋಗಿ. ಕೆಳಗೆ ಫೋನ್ ಸಿಗ್ನಲ್ ಇರುತ್ತದೆಂದು ನಂಬಿ ಕೂರಬೇಡಿ.

2. ನೀರಿನ ಜೊತೆ ಉಪ್ಪು

ಒಣ ಹವೆಯಲ್ಲಿ ಬೆವರು ಬಂದ ಕೂಡಲೇ ಆರಿಹೋಗುತ್ತದೆ. ಅಂಗಿ ಒದ್ದೆಯಾಗುವುದಿಲ್ಲ, ಹಾಗಾಗಿ ಎಷ್ಟು ನೀರು ಕಳೆದುಕೊಂಡೆವೆಂದು ಗೊತ್ತೇ ಆಗುವುದಿಲ್ಲ. ಗಂಟೆಗೆ ಅರ್ಧದಿಂದ ಒಂದು ಲೀಟರ್, ಗುಟುಕು ಗುಟುಕಾಗಿ ಕುಡಿಯಿರಿ. ಅದಕ್ಕಿಂತ ಜಾಸ್ತಿ ಬೇಡ. ನೀರು ಕುಡಿದಷ್ಟೂ ಒಳ್ಳೆಯದು ಎಂದು ನಂಬಿದವರು ಬಹಳ. ಆದರೆ ಏನೂ ತಿನ್ನದೆ ಸುಮ್ನೆ ನೀರನ್ನೇ ಕುಡಿಯುತ್ತಾ ಹೋದರೆ ರಕ್ತದಲ್ಲಿ ಸೋಡಿಯಂ ಇಳಿಯುತ್ತದೆ. ತಲೆನೋವು, ವಾಂತಿ, ಗೊಂದಲ ಶುರುವಾಗುತ್ತವೆ. ನೋಡುವವರಿಗೆ ಬಿಸಿಲಿನ ಪೆಟ್ಟಿನಂತೆಯೇ ಕಾಣುತ್ತದೆ. ಮತ್ತಷ್ಟು ನೀರು ಕುಡಿಸುತ್ತಾರೆ! ಪ್ರಾಣಕ್ಕೇ ಕುತ್ತು. ಹಸಿವಿಲ್ಲದಿದ್ದರೂ ಉಪ್ಪಿನ ತಿಂಡಿ ತಿನ್ನುತ್ತಲೇ ಇರಿ.

ದಾರಿಯಲ್ಲಿ ನಲ್ಲಿ ಇದೆಯೇ, ಇವತ್ತು ನೀರು ಬರುತ್ತಿದೆಯೇ ಎಂದು ರೇಂಜರ್‌ಗಳನ್ನು ಕೇಳಿ. ಗ್ರ್ಯಾಂಡ್ ಕ್ಯಾನ್ಯನ್‌ನ ಸೌತ್ ಕೈಬಾಬ್ ದಾರಿಯಲ್ಲಿ ಕುಡಿಯುವ ನೀರೂ ಇಲ್ಲ, ನೆರಳೂ ಕಡಿಮೆ.

3. ಮೈ ಒದ್ದೆ ಮಾಡಿಕೊಳ್ಳಿ

ಅಗಲ ಅಂಚಿನ ಟೋಪಿ, ಉದ್ದ ತೋಳಿನ ಹತ್ತಿ ಅಂಗಿ ಸಾಕು. ನೀರು ಸಿಕ್ಕಲ್ಲೆಲ್ಲ ಎರಡನ್ನೂ ನೆನೆಸಿ ಹಾಕಿಕೊಳ್ಳಿ. ನೀರು ಆರುವಾಗ ಮೈ ಬಿಸಿಯನ್ನೂ ಎಳೆದುಕೊಂಡು ಹೋಗುತ್ತದೆ.

4. ತಲೆಯ ಮೇಲೆ ಮಳೆ ಇಲ್ಲದಿದ್ದರೂ ಪ್ರವಾಹ ಬರಬಹುದು

1997ರ ಆಗಸ್ಟ್ 12ರಂದು ಅರಿಜೋನಾದ ಆಂಟೆಲೋಪ್ ಕ್ಯಾನ್ಯನ್‌ನಲ್ಲಿ 11 ಜನ ಕೊಚ್ಚಿಹೋಗಿ ಪ್ರಾಣ ಬಿಟ್ಟರು. ಮಳೆ ಸುರಿದದ್ದು ದೂರದಲ್ಲೆಲ್ಲೋ. ಸುತ್ತಲಿನ ಯಾವ ದಿಕ್ಕಿನಲ್ಲಿ ಗುಡುಗುಮಳೆಯ ಮುನ್ಸೂಚನೆ ಇದ್ದರೂ ಇಕ್ಕಟ್ಟಾದ ಕಮರಿಗೆ ಕಾಲಿಡಬೇಡಿ. ನೀರು ದಿಢೀರನೆ ಕೆಂಪಗಾದರೆ, ಕಡ್ಡಿಕಸ ತೇಲಿಬಂದರೆ, ಮೊರೆತ ಕೇಳಿದರೆ ಚೀಲ ಬಿಟ್ಟು ಎತ್ತರಕ್ಕೆ ಹತ್ತಿ. ಕಮರಿಯುದ್ದಕ್ಕೂ ಓಡಿದರೆ ನೀರೇ ಗೆಲ್ಲುತ್ತದೆ.

5. ಜೊತೆಗಾರರ ಮುಖ ನೋಡುತ್ತಿರಿ

ತಲೆನೋವು, ವಾಕರಿಕೆ, ಬಿಳಿಚಿದ ಮುಖ ಕಂಡರೆ ಅಲ್ಲೇ ನಿಲ್ಲಿ. ನೆರಳಲ್ಲಿ ಕೂರಿಸಿ, ನೀರು ಚಿಮುಕಿಸಿ, ತಿನ್ನಲು ಕೊಡಿ. ಇಳಿಹೊತ್ತಾದ ಮೇಲೆ ಹೊರಟರಾಯಿತು. ಮಾತು ತೊದಲಿದರೆ, ಹೆಜ್ಜೆ ತಪ್ಪಿದರೆ, ವಿಚಿತ್ರವಾಗಿ ಆಡತೊಡಗಿದರೆ ಅದು ಹೀಟ್ ಸ್ಟ್ರೋಕ್ ಇರಬಹುದು. ಬೆವರು ಬರುತ್ತಿದೆಯಲ್ಲ ಎಂದು ಸಮಾಧಾನಪಡಬೇಡಿ. ಒಬ್ಬರು ಸಹಾಯಕ್ಕೆ ಕರೆಯಲಿ, ಅಮೆರಿಕದಲ್ಲಾದರೆ 911. ಉಳಿದವರು ಆಗಿಂದಾಗಲೇ ಮೈಗೆಲ್ಲ ನೀರು ಸುರಿದು ಗಾಳಿ ಬೀಸಿ. ಪ್ರಜ್ಞೆ ತಪ್ಪಿದವರ ಬಾಯಿಗೆ ನೀರು ಹಾಕಬೇಡಿ. ಸಹಾಯ ಬರಲು ಗಂಟೆಗಟ್ಟಲೆ ಹಿಡಿಯಬಹುದು. ಅಲ್ಲಿಯವರೆಗೂ ಬೀಸುವ ಕೈ ನಿಲ್ಲಿಸಬೇಡಿ.