ಬೆಂಚು, ಕೌದಿ, ಹಲಗೆ: ನಮ್ಮ ಫ್ರಿಂಜ್ ನಾಟಕ

ಕಲಬುರಗಿಯವರಿಗೆ ನಾಟಕ ಅಂದ್ರೆ ಎಸ್.ಎಂ. ಪಂಡಿತ ರಂಗಮಂದಿರ, ಇಲ್ಲವೇ ಜಾತ್ರೆಯ ಕಂಪನಿ ನಾಟಕದ ಟೆಂಟು. ಗೆಳೆಯರ ತಂಡಗಳು ಸೇರಿ ನಾವು ಮಾಡಿದ ಫ್ರಿಂಜ್ ಉತ್ಸವ ಇವೆರಡರ ಆಚೆಯದು. 1947ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋದ ದೊಡ್ಡ ಉತ್ಸವಕ್ಕೆ 8 ತಂಡಗಳು ಕರೆಯಿಲ್ಲದೆಯೇ ಹೋಗಿ, ಸಿಕ್ಕ ಜಾಗದಲ್ಲಿ ಆಡಿದವು. ಫ್ರಿಂಜ್ ಹುಟ್ಟಿದ್ದೇ ಹಾಗೆ. ಅಲ್ಲಿ ಈಗಲೂ ಆಯ್ಕೆ ಸಮಿತಿ ಇಲ್ಲ. ಜಾಗ ಹೊಂದಿಸಿಕೊಂಡವರು ಆಡಬಹುದು.

ನಮಗೆ ಸಿಕ್ಕಿದ್ದು ಟ್ಯೂಷನ್ ನಡೆಯುವ ಹಾಲ್. ಒಂದು ತಂಡ ಮುಗಿಸಿ ಇನ್ನೊಂದು ಶುರು ಮಾಡಲು 15 ನಿಮಿಷ ಅಷ್ಟೇ. ನಾಟಕವನ್ನೇ ಆ ಲೆಕ್ಕಕ್ಕೆ ಕಟ್ಟಿದೆವು. ಇಬ್ಬರು ನಟರು, ಒಂದು ಬೆಂಚು, ಒಂದು ಕೌದಿ, ಬಾರಿಸಲು ಒಂದು ಹಲಗೆ. ಎಲ್ಲ ಒಂದೇ ಆಟೋದಲ್ಲಿ ಬರಬೇಕು. ಕೌದಿ ಒಮ್ಮೆ ಹಾಸಿಗೆ, ಒಮ್ಮೆ ತೊಗರಿ ಹೊಲ, ಒಮ್ಮೆ ಹೆಣದ ಹೊದಿಕೆ. ಸಾಮಾನು ಜೋಡಿಸುವುದನ್ನೂ ಗಡಿಯಾರ ನೋಡಿ ರಿಹರ್ಸಲ್ ಮಾಡಿದೆವು. ಅದಕ್ಕಿಂತ ಜಾಸ್ತಿ ಬೆವರಿಳಿಸಿದ್ದು ದನಿ. ಮುಂದಿನ ಸಾಲಿನವರ ಮೊಣಕಾಲು ನಮಗೆ ತಾಗುತ್ತದೆ. ಅಲ್ಲಿ ರಂಗಮಂದಿರದ ದನಿ ತೆಗೆದರೆ ಜನ ಹಿಂದೆ ಸರಿಯುತ್ತಾರೆ. ಪಿಸುಮಾತಿನಲ್ಲೇ ಸಿಟ್ಟು ತರುವುದನ್ನು ಕಲಿಯಬೇಕಾಯಿತು.

ಪ್ರಚಾರವೂ ನಮ್ಮದೇ. ಜಗತ್ ಸರ್ಕಲ್, ಸೂಪರ್ ಮಾರ್ಕೆಟ್ ಕಡೆ ಚೀಟಿ ಹಂಚಿದೆವು. "ಕಾಮಿಡಿ ಅದೇನ್ರಿ?" ಅಂತ ಕೇಳಿದವರೇ ಹೆಚ್ಚು. "ನಗೂನೂ ಅದರಿ, ಅಳೂನೂ ಅದ. ಬರ್ರಿ" ಅಂದೆವು. ಬಂದರು. ಚೀಟಿಗಿಂತ ಆ ಎರಡು ಮಾತೇ ಜನರನ್ನು ಕರೆತಂದವು ಅಂತ ನನಗನಿಸುತ್ತದೆ.

ನಮ್ಮ ಪ್ರದರ್ಶನ ಇಲ್ಲದಾಗ ಉಳಿದವರ ನಾಟಕಕ್ಕೆ ಮುಂದಿನ ಸಾಲಿನಲ್ಲಿ ಕೂತೆವು. ಸಣ್ಣ ಹಾಲ್‌ನಲ್ಲಿ ಖಾಲಿ ಕುರ್ಚಿ ನಟರಿಗೆ ಎದ್ದು ಕಾಣುತ್ತದೆ, ಅಲ್ವಾ? ನಮ್ಮ ಕಡೆಯ ಉರ್ದುವಾದ ದಖನಿಯಲ್ಲಿ ಒಬ್ಬಳೇ ಆಡಿದ ಹುಡುಗಿಯ ನಾಟಕ ನನ್ನನ್ನು ಅಲ್ಲಾಡಿಸಿತು. ದಖನಿಯಿಂದ ಕನ್ನಡಕ್ಕೆ, ಮತ್ತೆ ದಖನಿಗೆ, ನಮ್ಮೂರ ಸಂತೆಯಲ್ಲಿ ನಡೆಯುವ ಹಾಗೇ ಅವಳ ಮಾತು ಹೊರಳುತ್ತಿತ್ತು. ಏನನ್ನೂ ಬಿಡಿಸಿ ಹೇಳಲಿಲ್ಲ, ಯಾರಿಗೂ ಹೇಳಬೇಕಾಗಿಯೂ ಇರಲಿಲ್ಲ. ಅದನ್ನು ನೋಡಿದ ರಾತ್ರಿಯೇ ನಮ್ಮ ನಾಟಕದ ಕೊನೆಯ ಉದ್ದ ಮಾತು ತೆಗೆದು, ಅಲ್ಲಿ ಬರೀ ಹಲಗೆ ಬಾರಿಸಿದೆವು.

ಟಿಕೆಟ್ ಇಟ್ಟಿರಲಿಲ್ಲ. ಆಟ ಮುಗಿದ ಮೇಲೆ ಬಾಗಿಲಲ್ಲಿ ಜೋಳಿಗೆ ಹಿಡಿದು ನಿಂತೆವು. ಬಂದ ದುಡ್ಡಿನಲ್ಲಿ ಹಾಲ್ ಬಾಡಿಗೆ ಕೊಟ್ಟು, ಉಳಿದದ್ದನ್ನು ತಂಡಗಳು ಸಮ ಹಂಚಿಕೊಂಡವು. ಜನ ಕಡಿಮೆ ಬಂದ ತಂಡಕ್ಕೂ ಅಷ್ಟೇ ಪಾಲು.