ಅಟ್ಟದ ಟ್ರಂಕಿನಲ್ಲಿ ಉಳಿದ ರೇಡಿಯೊ ರಾತ್ರಿಗಳು: ಬೂಷ್ಟು ಹಿಡಿದ ಕ್ಯಾಸೆಟ್ ಉಳಿಸಿಕೊಳ್ಳುವುದು ಹೇಗೆ?

ಹೋದ ಜನವರಿಯಲ್ಲಿ, ಕಣದಲ್ಲಿ ಕಾಫಿ ಒಣಗುತ್ತಿದ್ದಾಗ, ಅಣ್ಣನ ಹಳೇ ತಗಡಿನ ಟ್ರಂಕನ್ನು ಅಟ್ಟದಿಂದ ಇಳಿಸಿದೆವು. ಒಳಗೆ 38 ಕ್ಯಾಸೆಟ್. ಒಂದನ್ನು ಬೆಳಕಿಗೆ ಹಿಡಿದು ನೋಡಿದೆ. ಕಂದು ಟೇಪಿನ ಸುರುಳಿಯ ಮೇಲೆ ಬಿಳಿ ಬಳೆ ತೊಡಿಸಿದ ಹಾಗೆ ಬೂಷ್ಟು ಕೂತಿತ್ತು. ಮಡಿಕೇರಿ ಸುತ್ತಮುತ್ತ ವರ್ಷಕ್ಕೆ 3,000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುತ್ತದೆ. ಚಪ್ಪಲಿ, ಬೆಲ್ಟು, ಮದುವೆ ಆಲ್ಬಮ್ಮು ಯಾವುದನ್ನೂ ಬಿಡದ ಬೂಷ್ಟು ಕ್ಯಾಸೆಟ್ಟನ್ನು ಬಿಡುತ್ತದಾ?

ಅಣ್ಣ 1994ರಿಂದ ಎರಡು ವರ್ಷ ಲಂಡನ್ನಿನಲ್ಲಿ ಓದಿದ. ಕ್ಲಬ್ಬಿಗೆ ಹೋಗಲು ಕೈಯಲ್ಲಿ ಕಾಸಿರಲಿಲ್ಲ. ಬಿಬಿಸಿ ರೇಡಿಯೊ 1ರಲ್ಲಿ 1993ರಲ್ಲಿ ‘ಎಸೆನ್ಷಿಯಲ್ ಮಿಕ್ಸ್’ ಅಂತ ಎರಡು ಗಂಟೆಯ ಕಾರ್ಯಕ್ರಮ ಶುರುವಾಗಿತ್ತು. ವಾರಕ್ಕೊಬ್ಬ ಡಿಜೆ, ಪೂರ್ತಿ ಎಲೆಕ್ಟ್ರಾನಿಕ್ ಸಂಗೀತ. ಕೆಲವು ವಾರ ಕ್ಲಬ್ಬಿನಿಂದಲೇ ನೇರ ಪ್ರಸಾರ. ಅಣ್ಣ ರಾತ್ರಿಯೆಲ್ಲ ರೇಡಿಯೊ ಮುಂದೆ ಕೂತು ಅದನ್ನು ಟೇಪಿಗೆ ಇಳಿಸುತ್ತಿದ್ದ. ಊರಿಗೆ ಬಂದ ಮೇಲೂ ಹುಚ್ಚು ಬಿಡಲಿಲ್ಲ. ಶಾರ್ಟ್‌ವೇವ್‌ನಲ್ಲಿ ಬಿಬಿಸಿ ವರ್ಲ್ಡ್ ಸರ್ವಿಸ್ ಹಿಡಿದು ನಿರೂಪಕ ಜಾನ್ ಪೀಲ್ ಹಾಕುತ್ತಿದ್ದ ಹೊಸ ಹೊಸ ಸಂಗೀತವನ್ನು ತುಂಬಿಸಿಕೊಂಡ.

ಈ ಸಂಗೀತವನ್ನು ಈಗ ಇಂಟರ್‌ನೆಟ್‌ನಲ್ಲಿ ಕೇಳಬಹುದಲ್ಲ ಅನ್ನಬಹುದು. ಒಂದೊಂದು ಹಾಡು ಸಿಗುತ್ತದೆ, ನಿಜ. ಆದರೆ ಡಿಜೆ ಎರಡು ರೆಕಾರ್ಡುಗಳನ್ನು ಒಟ್ಟಿಗೆ ತಿರುಗಿಸಿ, ಒಂದರ ತಾಳವನ್ನು ಇನ್ನೊಂದಕ್ಕೆ ಕೂಡಿಸಿ ಕಟ್ಟುವ ಆ ಎರಡು ಗಂಟೆ ಅವತ್ತಿನದು ಮಾತ್ರ. ಮಾರನೇ ದಿನ ಅವನೇ ಕೂತರೂ ಹಾಗೇ ಬರುವುದಿಲ್ಲ. ನಿರೂಪಕರ ಮಾತು, ನಡುವೆ ಬರುವ ಕರಕರ, ಅವತ್ತು ಏರಿಳಿದ ಸಿಗ್ನಲ್, ಇವೆಲ್ಲ ಇರುವುದು ಆ ಒಂದು ಟೇಪಿನಲ್ಲಿ. ಹಾಗಾಗಿ ನನ್ನ ಸಲಹೆ ಇಷ್ಟೇ: ಮೊದಲು ಇದ್ದದ್ದನ್ನು ಇದ್ದ ಹಾಗೇ ಉಳಿಸಿಕೊಳ್ಳಿ. ಚಂದ ಮಾಡುವುದು ಆಮೇಲೆ. ಆಕಾಶವಾಣಿ ಮಡಿಕೇರಿಯ 103.1ರಿಂದ ನಿಮ್ಮ ಮನೆಯವರು ಹಿಡಿದಿಟ್ಟ ಹಾಡು ಮಾತುಗಳಿಗೂ ಇದೇ ದಾರಿ.

ಕಕ್ಕಡದಲ್ಲಿ, ಅಂದರೆ ಜುಲೈ-ಆಗಸ್ಟಿನ ಮಳೆ ತಿಂಗಳಲ್ಲಿ, ಈ ಕೆಲಸಕ್ಕೆ ಕೈ ಹಾಕಬೇಡಿ. ಜಡಿಮಳೆಯಲ್ಲಿ ಕ್ಯಾಸೆಟ್ ತೆರೆದರೆ ಒಣಗುವ ಬದಲು ಇನ್ನಷ್ಟು ತೇವ ಎಳೆದುಕೊಳ್ಳುತ್ತದೆ. ಜನವರಿಯಿಂದ ಮಾರ್ಚ್ ಒಳ್ಳೆಯ ಕಾಲ.

ಮೊದಲು ಎರಡು ಕಿವಿ ಮುರಿಯಿರಿ

ಕ್ಯಾಸೆಟ್ಟಿನ ಹಿಂಬದಿಯ ಅಂಚಿನಲ್ಲಿ ಎರಡು ಪುಟ್ಟ ಪ್ಲಾಸ್ಟಿಕ್ ಕಿವಿಗಳಿರುತ್ತವೆ. ಪ್ಲೇಯರಿಗೆ ಹಾಕುವ ಮೊದಲೇ ಎರಡನ್ನೂ ಮುರಿದುಬಿಡಿ. ಆಮೇಲೆ ರೆಕಾರ್ಡ್ ಬಟನ್ ಒತ್ತಿದರೂ ಅದು ಕೆಳಗಿಳಿಯುವುದಿಲ್ಲ. ನಾನು ಮೊದಲ ದಿನ ಇದನ್ನು ಮಾಡಲಿಲ್ಲ. ಕತ್ತಲಲ್ಲಿ ಬೆರಳು ತಪ್ಪಿತು, ಒಂದು ಕ್ಯಾಸೆಟ್ಟಿನಲ್ಲಿ ನಾಲ್ಕು ಸೆಕೆಂಡು ಅಳಿಸಿಹೋಯಿತು. ಅಲ್ಲಿ ಈಗ ಬರೀ ಮೌನ. ಆ ನಾಲ್ಕು ಸೆಕೆಂಡು ಜಗತ್ತಿನಲ್ಲಿ ಇನ್ನೆಲ್ಲಾದರೂ ಇದೆಯೋ ಇಲ್ಲವೋ, ನೆನೆದರೆ ಈಗಲೂ ಸಂಕಟವಾಗುತ್ತದೆ.

ಆಮೇಲೆ ಪ್ರತಿ ಕ್ಯಾಸೆಟ್ಟಿಗೂ ಒಂದು ನಂಬರ್ ಕೊಡಿ. ಲೇಬಲ್ ಮತ್ತು ಒಳಗಿನ ಚೀಟಿಯ ಫೋಟೊ ತೆಗೆಯಿರಿ. ಅಣ್ಣ ಪೆನ್ಸಿಲಿನಲ್ಲಿ ತಾರೀಖು ಬರೆದಿದ್ದ. ಮುಟ್ಟಿದರೆ ಅಳಿಸುವಷ್ಟು ಮಾಸಿತ್ತು.

ಬೂಷ್ಟು ಬಿಡಿಸುವುದು

ಇಲ್ಲಿ ಅವಸರ ಮಾಡಿದರೆ ಎಲ್ಲಾ ಹಾಳು. ಬೂಷ್ಟು ಹಿಡಿದ ಟೇಪನ್ನು ಹಾಗೇ ಪ್ಲೇ ಮಾಡಿದರೆ ಹುಡಿ ಪ್ಲೇಯರಿನಲ್ಲಿ ಟೇಪನ್ನು ಓದುವ ಹೆಡ್ಡಿಗೆ ಮೆತ್ತಿಕೊಂಡು ಮುಂದಿನ ಕ್ಯಾಸೆಟ್ಟಿಗೂ ಹತ್ತುತ್ತದೆ. ಹಸಿ ಬೂಷ್ಟನ್ನು ಒರೆಸಿದರೆ ಟೇಪಿನ ಮೇಲೆ ಬಳಿದುಕೊಳ್ಳುತ್ತದೆ. ಮೊದಲು ಅದು ಒಣಗಿ ಪುಡಿಯಾಗಬೇಕು.

ಒಣಗಿಸಲು ನಮ್ಮ ಕಡೆಯವರಿಗೆ ಮೊದಲು ನೆನಪಾಗುವುದು ಒಲೆಯ ಮೇಲಿನ ಅಟ್ಟ. ದಯವಿಟ್ಟು ಬೇಡ. ಬಿಸಿಗೆ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ, ಹೊಗೆಯ ಜಿಡ್ಡು ಒಳಗೆ ಕೂರುತ್ತದೆ. ಬಿಸಿಲಿಗೂ ಇಡಬೇಡಿ. ಅಕ್ಕಿ ಡಬ್ಬದಲ್ಲಿ ಹೂತಿಟ್ಟರೆ ಅಕ್ಕಿಯ ಹುಡಿ ಒಳಗೆ ಸೇರುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ ತೆಗೆದುಕೊಂಡು ಸಿಲಿಕಾ ಜೆಲ್ ಪೊಟ್ಟಣ ಧಾರಾಳವಾಗಿ ಹಾಕಿ. ಕ್ಯಾಸೆಟ್ಟುಗಳನ್ನು ಅದರೊಳಗೆ ನಿಲ್ಲಿಸಿ ಒಂದೆರಡು ವಾರ ಬಿಡಿ. ಬಣ್ಣ ಬದಲಾಗುವ ಜೆಲ್ ಆದರೆ ಯಾವಾಗ ಬದಲಿಸಬೇಕು ಅಂತ ಅದೇ ತೋರಿಸುತ್ತದೆ.

ಒಣಗಿದ ಮೇಲೆ ಮನೆಯೊಳಗೆ ಬಿಚ್ಚಬೇಡಿ, ಜಗುಲಿಗೆ ತನ್ನಿ. ಮಾಸ್ಕ್, ಗ್ಲೌಸ್ ಹಾಕಿಕೊಳ್ಳಿ. ಉಬ್ಬಸ ಇರುವವರು ಹತ್ತಿರ ಬರುವುದೇ ಬೇಡ. ಕ್ಯಾಸೆಟ್ಟಿಗೆ ಐದು ಸ್ಕ್ರೂ ಇದ್ದರೆ ಕೆಲಸ ಸುಲಭ. ಚಪ್ಪಟೆಯಾಗಿ ಮೇಜಿನ ಮೇಲಿಟ್ಟು ಸ್ಕ್ರೂ ಬಿಚ್ಚಿ, ಮೇಲಿನ ಮುಚ್ಚಳವನ್ನು ನಿಧಾನಕ್ಕೆ ಎತ್ತಿ. ಬೇರೆ ಏನು ಮಾಡುವ ಮೊದಲೂ ಒಂದು ಫೋಟೊ ತೆಗೆಯಿರಿ. ಟೇಪು ಯಾವ ಚಕ್ರದ ಆಚೆ ಹೋಗಿ ಎಲ್ಲಿಂದ ಹಿಂದೆ ಬರುತ್ತದೆ ಅಂತ ಆಮೇಲೆ ನೆನಪಿರುವುದಿಲ್ಲ. ನೂಲು ಬಿಡದ ಮೆತ್ತನೆ ಬಟ್ಟೆಯಿಂದ ಸುರುಳಿಯ ಅಂಚಿನ ಪುಡಿ ತೆಗೆಯಿರಿ. ಆಮೇಲೆ ಬಟ್ಟೆಯ ಮಡಿಕೆಯ ನಡುವೆ ಟೇಪು ಹಾಯುವ ಹಾಗೆ ಮೆಲ್ಲಗೆ ಸುತ್ತುತ್ತಾ ಹೋಗಿ. 3.81 ಮಿಲಿಮೀಟರ್ ಅಗಲದ ಪಟ್ಟಿ ಅದು, ಎಳೆದರೆ ಹಿಗ್ಗುತ್ತದೆ. ಸಿ-90ಯಲ್ಲಿ, ಅಂದರೆ 90 ನಿಮಿಷದ ಕ್ಯಾಸೆಟ್ಟಿನಲ್ಲಿ, ಅದರ ಉದ್ದ ಸುಮಾರು 130 ಮೀಟರ್. ಒಂದು ಕ್ಯಾಸೆಟ್ಟಿಗೆ ನನಗೆ ಒಂದು ಮಧ್ಯಾಹ್ನವೇ ಹಿಡಿಯಿತು.

ಸ್ಕ್ರೂ ಇಲ್ಲದೆ ಅಂಟಿಸಿದ ಕ್ಯಾಸೆಟ್ಟಾದರೆ ಅಂಚಿನ ಗೆರೆಯಲ್ಲಿ ಬ್ಲೇಡ್ ಹಾಕಿ ಹುಷಾರಾಗಿ ಬಿಡಿಸಬೇಕು. ಸುರುಳಿಯನ್ನು ಸ್ಕ್ರೂ ಇರುವ ಬೇರೊಂದು ಖಾಲಿ ಕ್ಯಾಸೆಟ್ಟಿನ ಒಡಲಿಗೆ ಹಾಕಿ.

ಇನ್ನೊಂದು ವಿಷಯ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದಾಗ ನಮ್ಮ ಜಿಲ್ಲೆಯ ಎಷ್ಟೋ ಮನೆಗಳಿಗೆ ಕೆಸರು ನುಗ್ಗಿತು. ಕ್ಯಾಸೆಟ್ಟಿಗೆ ಕೆಸರು ನೀರು ಹೊಕ್ಕರೆ ಕೆಸರಿನ ಸಮೇತ ಒಣಗಲು ಬಿಡಬೇಡಿ. ಮಣ್ಣು ಗಟ್ಟಿಯಾದರೆ ಟೇಪಿಗೆ ಗೀರು ಬೀಳುತ್ತದೆ. ತಣ್ಣನೆಯ ಶುದ್ಧ ನೀರಿನಲ್ಲಿ, ಕೊನೆಗೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರಿನಲ್ಲಿ ತೊಳೆದು, ನೆರಳಿನಲ್ಲಿ ಒಣಗಿಸಿ.

ತುಂಡಾದ ಟೇಪು, ಪ್ಯಾಡು

ಕ್ಯಾಸೆಟ್ಟಿನ ಬಾಯಿಯ ನಡುವೆ ತಾಮ್ರದ ಬಣ್ಣದ ಸಣ್ಣ ತಗಡು, ಅದರ ಮೇಲೆ ಕಂಬಳಿ ತುಂಡಿನಂಥ ಒಂದು ಚೌಕ ಕಾಣುತ್ತದೆ. ಟೇಪನ್ನು ಹೆಡ್ಡಿಗೆ ಒತ್ತಿ ಹಿಡಿಯುವ ಪ್ಯಾಡ್ ಅದು. ಅಂಟು ಒಣಗಿ ಅದು ಬಿದ್ದುಹೋದರೆ ದನಿ ಕಂಬಳಿ ಹೊದ್ದ ಹಾಗೆ ಮಂಕಾಗುತ್ತದೆ. ಬೇಡದ ಕ್ಯಾಸೆಟ್ಟಿನಿಂದ ಪ್ಯಾಡ್ ಸಮೇತ ತಗಡನ್ನೇ ತೆಗೆದು ಹಾಕಿ. ಟೇಪು ತುಂಡಾಗಿದ್ದರೆ ಅದಕ್ಕೆಂದೇ ಇರುವ ಸ್ಪ್ಲೈಸಿಂಗ್ ಟೇಪ್ ಹಚ್ಚಿ. ಮಾಮೂಲಿ ಸೆಲ್ಲೋಟೇಪಿನ ಅಂಟು ಇಳಿದು ಪಕ್ಕದ ಸುತ್ತಿಗೆ ಹತ್ತಿಕೊಳ್ಳುತ್ತದೆ.

ಪ್ಲೇಯರ್ ಚೆನ್ನಾಗಿರಬೇಕು

ಆನ್‌ಲೈನಿನಲ್ಲಿ ಸಿಗುವ, ಯುಎಸ್‌ಬಿ ವೈರ್ ಇರುವ ಅಗ್ಗದ ವಾಕ್‌ಮನ್ ಮಾದರಿ ಪ್ಲೇಯರ್ ನನಗೆ ಹಿಡಿಸಲಿಲ್ಲ. ಮೋಟರ್ ಓಟ ಸಮ ಇರುವುದಿಲ್ಲ. ಮಾತಿನ ರೆಕಾರ್ಡಿಂಗಿನಲ್ಲಿ ಅದು ಅಷ್ಟಾಗಿ ಗೊತ್ತಾಗದು. ಎಲೆಕ್ಟ್ರಾನಿಕ್ ಸಂಗೀತದಲ್ಲಿ ತಕ್ಷಣ ಗೊತ್ತಾಗುತ್ತದೆ. ಯಂತ್ರದ ತಾಳ ಅಲ್ವಾ, ಕೂದಲೆಳೆಯಷ್ಟೂ ತಪ್ಪುವುದಿಲ್ಲ. ಸಿಂಥಸೈಜರಿನ ಉದ್ದನೆಯ ಸ್ವರ ಸ್ವಲ್ಪ ಅಲುಗಿದರೂ ಕಿವಿಗೆ ಬಡಿಯುತ್ತದೆ. ಹಳೆಯ ಒಳ್ಳೆ ಕ್ಯಾಸೆಟ್ ಡೆಕ್ ಒಂದನ್ನು ಹುಡುಕಿ, ರಿಪೇರಿಯವರ ಹತ್ತಿರ ಬೆಲ್ಟ್ ಹೊಸದು ಹಾಕಿಸಿ. ಹಳೇ ರಬ್ಬರ್ ಬೆಲ್ಟ್ ಸಡಿಲವಾಗಿರುತ್ತದೆ, ಇಲ್ಲವೇ ಡಾಂಬರಿನಂತೆ ಕರಗಿರುತ್ತದೆ.

ಹೆಡ್ ಮತ್ತು ಟೇಪನ್ನು ಎಳೆಯುವ ಲೋಹದ ಕಡ್ಡಿಯನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಹತ್ತಿಕಡ್ಡಿಯಿಂದ ಒರೆಸಿ. ಒಂದೊಂದು ಕ್ಯಾಸೆಟ್ ಆದ ಮೇಲೂ ಒರೆಸಿ. ರಬ್ಬರ್ ಚಕ್ರಕ್ಕೆ ಸ್ವಲ್ಪ ನೀರು ಸಾಕು.

ಇನ್ನು ಹೆಡ್ಡಿನ ಓರೆ. ಅಣ್ಣನ ಲಂಡನ್ ಡೆಕ್ಕಿನ ಹೆಡ್ ಒಂದು ಕೋನದಲ್ಲಿತ್ತು, ನಮ್ಮದು ಇನ್ನೊಂದು ಕೋನದಲ್ಲಿದೆ. ಎರಡೂ ಹೊಂದದಿದ್ದರೆ ಮೊದಲು ಸಾಯುವುದು ತೀಕ್ಷ್ಣ ದನಿಗಳು. ಹೆಡ್ಡಿನ ಪಕ್ಕದ ಪುಟ್ಟ ಸ್ಕ್ರೂ ತಿರುಗಿಸಿ ಇದನ್ನು ಸರಿಮಾಡಬಹುದು. ಈ ಸಂಗೀತದಲ್ಲಿ ಒಂದು ಅನುಕೂಲವಿದೆ. ಹೈ-ಹ್ಯಾಟ್ ಅನ್ನುವ ಡ್ರಮ್ ಸೆಟ್ಟಿನ ತಾಳದ ‘ಚಿಕ್ ಚಿಕ್’ ನಿಲ್ಲದೆ ಬರುತ್ತಿರುತ್ತದೆ. ಎಡ ಬಲ ಎರಡೂ ಚಾನೆಲನ್ನು ಒಂದಾಗಿ ಕೂಡಿಸಿ (ಮೋನೊ ಮಾಡಿ) ಹೆಡ್‌ಫೋನಿನಲ್ಲಿ ಕೇಳುತ್ತಾ, ಸ್ಕ್ರೂವನ್ನು ಕೂದಲಷ್ಟು ಕೂದಲಷ್ಟೇ ತಿರುಗಿಸಿ. ಆ ‘ಚಿಕ್’ ಅತಿ ಚೂಪಾಗಿ ಕೇಳುವ ಜಾಗದಲ್ಲಿ ನಿಲ್ಲಿಸಿ. ಪ್ರತಿ ಕ್ಯಾಸೆಟ್ಟಿಗೂ ಹೊಸದಾಗಿ ಮಾಡಬೇಕು. ನನ್ನ ಪ್ರಕಾರ ಇಡೀ ಕೆಲಸದಲ್ಲಿ ಇದಕ್ಕಿಂತ ದೊಡ್ಡ ಲಾಭ ಕೊಡುವ ಇನ್ನೊಂದು ಹೆಜ್ಜೆ ಇಲ್ಲ.

ರೆಕಾರ್ಡ್ ಮಾಡುವಾಗ ಡಾಲ್ಬಿ (ಟೇಪಿನ ‘ಸ್ಸ್’ ಸದ್ದು, ಅಂದರೆ ಹಿಸ್, ತಗ್ಗಿಸುವ ಸ್ವಿಚ್) ಹಾಕಿದ್ದರೆ ಈಗಲೂ ಹಾಕಿ. ಗೊತ್ತಿಲ್ಲದಿದ್ದರೆ ಆಫ್ ಇರಲಿ.

ಕಂಪ್ಯೂಟರಿಗೆ ಇಳಿಸುವುದು

ಡೆಕ್ಕಿನ ಲೈನ್ ಔಟ್‌ನಿಂದ ಯುಎಸ್‌ಬಿ ಆಡಿಯೊ ಇಂಟರ್‌ಫೇಸಿಗೆ, ಅಲ್ಲಿಂದ ಲ್ಯಾಪ್‌ಟಾಪಿಗೆ. ಲ್ಯಾಪ್‌ಟಾಪಿನ ಮೈಕ್ ತೂತಿಗೆ ನೇರ ಚುಚ್ಚಬೇಡಿ. ಆಡಾಸಿಟಿ ಅನ್ನುವ ರೆಕಾರ್ಡಿಂಗ್ ಸಾಫ್ಟ್‌ವೇರ್ ಉಚಿತವಾಗಿ ಸಿಗುತ್ತದೆ, ಅದು ಸಾಕು. 48 ಕಿಲೊಹರ್ಟ್ಸ್, 24 ಬಿಟ್ ಇಟ್ಟುಕೊಳ್ಳಿ. ಅಷ್ಟು ಧಾರಾಳ ಸಾಕು. ಎಫ್‌ಎಂ ರೇಡಿಯೊ ಕಳಿಸುವುದೇ 15 ಕಿಲೊಹರ್ಟ್ಸ್‌ವರೆಗೆ, ಶಾರ್ಟ್‌ವೇವ್ ಇನ್ನೂ ಕಡಿಮೆ. ಒಂದು ಸಿ-90ಗೆ ಸುಮಾರು ಒಂದೂವರೆ ಜಿಬಿ ಬೇಕಾಗುತ್ತದೆ. ದನಿಯ ಮಟ್ಟ ಅತಿ ಜೋರಿನಲ್ಲೂ ಮೈನಸ್ 6 ಡೆಸಿಬೆಲ್ ದಾಟದಿರಲಿ. ಕಿಕ್ ಡ್ರಮ್ಮಿನ ಹೊಡೆತ ತಟ್ಟನೆ ಮೇಲೇರುತ್ತದೆ, ಮೀಟರ್ ನೋಡುತ್ತಿರಿ.

ಚಾರ್ಜರ್ ತೆಗೆದು ಬ್ಯಾಟರಿಯಲ್ಲೇ ಲ್ಯಾಪ್‌ಟಾಪ್ ಓಡಿಸಿ. ‘ಗುಂಯ್’ ದನಿ ಎಷ್ಟೋ ಇಳಿಯುತ್ತದೆ. ಪ್ಲೇ ಮಾಡುವ ಮೊದಲು ಟೇಪನ್ನು ಒಮ್ಮೆ ಕೊನೆವರೆಗೆ ಓಡಿಸಿ, ಹಿಂದೆ ಸುತ್ತಿ. ವರ್ಷಗಟ್ಟಲೆ ಒಂದೇ ಭಂಗಿಯಲ್ಲಿ ಬಿಗಿದ ಸುರುಳಿ ಸಡಿಲವಾಗುತ್ತದೆ.

ಸಿ-90ಯ ಒಂದು ಬದಿ 45 ನಿಮಿಷ. ಕಾರ್ಯಕ್ರಮ ಎರಡು ಗಂಟೆ. ಅಣ್ಣ ಟೇಪು ತಿರುಗಿಸಿ ಹಾಕುವಷ್ಟರಲ್ಲಿ ಹಾಡು ಮುಂದೆ ಹೋಗಿರುತ್ತಿತ್ತು. ಆ ಸಂದು ಹಾಗೇ ಇರಲಿ, ಎರಡು ಬದಿಗಳನ್ನು ಬೇರೆ ಬೇರೆ ಫೈಲಾಗಿ ಇಡಿ.

ವೇಗ ಸರಿಯಿದೆಯಾ?

ಕ್ಯಾಸೆಟ್ ಸೆಕೆಂಡಿಗೆ 4.76 ಸೆಂಟಿಮೀಟರ್ ಓಡಬೇಕು. ಹಳೇ ಡೆಕ್ಕುಗಳು ಅಷ್ಟು ಸರಿಯಾಗಿ ಓಡುವುದಿಲ್ಲ. ಡಿಜೆಗಳು ರೆಕಾರ್ಡಿನ ವೇಗವನ್ನು ಬೇಕಾದ ಹಾಗೆ ಬದಲಿಸುವುದರಿಂದ ಹಾಡನ್ನು ನಂಬಿ ಅಳೆಯಲು ಬರುವುದಿಲ್ಲ. ನಾನು ಕರೆಂಟಿನ ಗುಂಯ್‌ಗುಡುವಿಕೆಯನ್ನು ಹಿಡಿದೆ. ಬ್ರಿಟನ್ನಿನ ಕರೆಂಟು 50 ಹರ್ಟ್ಸ್. ಅವತ್ತು ಅಣ್ಣನ ಕೋಣೆಯ ಆ ದನಿ ಟೇಪಿನೊಳಗೂ ಸಣ್ಣಗೆ ಸೇರಿದೆ. ಸಂಗೀತ ಶುರುವಾಗುವ ಮುಂಚಿನ ಮೌನವನ್ನು ಆರಿಸಿ, ಆಡಾಸಿಟಿಯಲ್ಲಿ ಯಾವ ಹರ್ಟ್ಸ್‌ನ ದನಿ ಎಷ್ಟಿದೆ ಅಂತ ತೋರಿಸುವ ಪ್ಲಾಟ್ ಸ್ಪೆಕ್ಟ್ರಮ್ ತೆಗೆದು, ಸೈಜ್ ಇರುವುದರಲ್ಲೇ ದೊಡ್ಡದನ್ನು ಇಟ್ಟು ನೋಡಿದೆ. ಎರಡು ಮೊನೆ ಕಂಡವು. ಒಂದು 50ರಲ್ಲಿ, ಇನ್ನೊಂದು 51ರ ಹತ್ತಿರ. ಮೊದಲನೆಯದು ಇವತ್ತು ನಮ್ಮ ಮನೆಯ ಕರೆಂಟಿನದು. ಎರಡನೆಯದು ಲಂಡನ್ನಿನ ಆ ರಾತ್ರಿಯದು. ಅಂದರೆ ಡೆಕ್ ಶೇಕಡಾ 2ರಷ್ಟು ಜೋರಾಗಿ ಓಡುತ್ತಿದೆ. ಮೂಲ ಫೈಲಿನ ನಕಲು ಮಾಡಿಕೊಂಡು ಅದರಲ್ಲಿ ಅಷ್ಟು ವೇಗ ಇಳಿಸಿದೆ.

ಊರಿನಲ್ಲಿ ಹಿಡಿದ ಟೇಪುಗಳಿಗೆ ಈ ಲೆಕ್ಕ ನಡೆಯದು. ಆ ಕಾಲಕ್ಕೆ ನಮ್ಮ ಕರೆಂಟು 50ರಲ್ಲಿ ನಿಲ್ಲುತ್ತಲೇ ಇರಲಿಲ್ಲ. ಅಲ್ಲಿ ಕೈಹಿಡಿದದ್ದು ಬಿಬಿಸಿಯ ಗಂಟೆಯ ‘ಪಿಪ್’ಗಳು. ಐದು ಗಿಡ್ಡ, ಕೊನೆಗೊಂದು ಉದ್ದ. ಆ ದನಿ ಸರಿಯಾಗಿ 1,000 ಹರ್ಟ್ಸ್. ಒಂದರಿಂದ ಇನ್ನೊಂದಕ್ಕೆ ಒಂದು ಸೆಕೆಂಡು. ನಿಮ್ಮ ಟೇಪಿನಲ್ಲಿ ಅದು ಸಿಕ್ಕರೆ ಕತ್ತರಿಸಿ ಎಸೆಯಬೇಡಿ.

ದನಿಯ ಕರಕರವನ್ನು ಎಷ್ಟು ಒರೆಸಬೇಕು

ಆದಷ್ಟು ಕಡಿಮೆ. ನಾಯ್ಸ್ ರಿಡಕ್ಷನ್ ಜೋರು ಮಾಡಿದರೆ ಹಿಸ್ ಜೊತೆ ಹೈ-ಹ್ಯಾಟೂ ಹೋಗುತ್ತದೆ, ಉಳಿದದ್ದು ನೀರಿನೊಳಗಿಂದ ಬಂದ ಹಾಗೆ ಕೇಳುತ್ತದೆ. ನಮ್ಮ ಶಾರ್ಟ್‌ವೇವ್ ಟೇಪುಗಳಲ್ಲಿ ಕೆಲವನ್ನು ಅಣ್ಣ ಒಂದು ರೇಡಿಯೊದ ಮುಂದೆ ಇನ್ನೊಂದು ಟೇಪ್ ರೆಕಾರ್ಡರ್ ಇಟ್ಟು ಮೈಕಿನಲ್ಲೇ ಹಿಡಿದಿದ್ದ. ಜಾನ್ ಪೀಲ್ ಮೆಲ್ಲಗೆ ಮಾತಾಡುತ್ತಿದ್ದಾರೆ, ಹಿಂದೆ ಶೀಟಿನ ಮೇಲೆ ಮಳೆ ಸುರಿಯುತ್ತಿದೆ. ಅಮ್ಮ ದೂರದಿಂದ ‘ಊಟಕ್ಕೆ ಬಾರೋ’ ಅಂತ ಕರೆಯುತ್ತಾಳೆ. ಕಂಪ್ಯೂಟರಿಗೆ ಆ ಮಳೆಯೂ ಹಿಸ್ಸೂ ಒಂದೇ. ಒಮ್ಮೆ ಒರೆಸಿ ನೋಡಿದೆ, ಮಳೆ ಹೋಯಿತು. ತಕ್ಷಣ ರದ್ದು ಮಾಡಿದೆ.

ಇಟ್ಟುಕೊಳ್ಳುವುದು

ಮೂಲ ಫೈಲನ್ನು ವೇವ್ ಅಥವಾ ಫ್ಲ್ಯಾಕ್ ರೂಪದಲ್ಲಿ ಇಡಿ. ಎಂಪಿ3 ಕೇಳುವುದಕ್ಕೆ ಮಾತ್ರ. ಹೆಸರಿನಲ್ಲಿ ತಾರೀಖು, ಸ್ಟೇಷನ್, ಕ್ಯಾಸೆಟ್ ನಂಬರ್, ಬದಿ ಇರಲಿ. ಎರಡು ಹಾರ್ಡ್‌ಡಿಸ್ಕಿಗೆ ಹಾಕಿ ಒಂದನ್ನು ಬೇರೆ ಊರಿನಲ್ಲಿಡಿ. ನಮ್ಮದು ಮೈಸೂರಿನ ಅಕ್ಕನ ಮನೆಯಲ್ಲಿದೆ. ಮನೆಯವರು ಕೂತು ಕೇಳುವುದು ಬೇರೆ, ಇಂಟರ್‌ನೆಟ್ಟಿಗೆ ಏರಿಸುವುದು ಬೇರೆ. ನಮ್ಮ ಕಾನೂನಿನಲ್ಲಿ ಧ್ವನಿಮುದ್ರಣದ ಹಕ್ಕು 60 ವರ್ಷ ಇರುತ್ತದೆ.

ಕ್ಯಾಸೆಟ್ಟುಗಳನ್ನು ಎಸೆಯಬೇಡಿ. ಮುಂದೆ ಇದಕ್ಕಿಂತ ಒಳ್ಳೆಯ ಡೆಕ್ ಸಿಕ್ಕಿದರೆ ಮತ್ತೆ ಇಳಿಸಬಹುದು. ಪೂರ್ತಿ ಸುತ್ತಿ, ಪೆಟ್ಟಿಗೆಯಲ್ಲಿ ಪುಸ್ತಕದ ಹಾಗೆ ನಿಲ್ಲಿಸಿ, ಹೊಸ ಸಿಲಿಕಾ ಜೆಲ್ ಹಾಕಿ ಮುಚ್ಚಿ. ಸ್ಪೀಕರಿನ ಪಕ್ಕ ಬೇಡ, ಅದರಲ್ಲಿ ಅಯಸ್ಕಾಂತ ಇರುತ್ತದೆ. ಪೊಟ್ಟಣಗಳನ್ನು ಮೇ ಕೊನೆಗೊಮ್ಮೆ, ಮಳೆ ಹಿಡಿಯುವ ಮುಂಚೆ, ಬದಲಿಸಿ.