ಚೆಕ್‌ರೋಲ್ ಪುಸ್ತಕದ ಹಿಂದೆ ಬರೆದ ಚೌಕ

ಮೂಡಿಗೆರೆ ಕಡೆಯ ನಮ್ಮ ತೋಟದಲ್ಲಿ ಚಂದ್ರಗಿರಿ ತಳಿಯ ಒಂದು ಕಾಫಿ ಗಿಡ ವರ್ಷವೂ ತಪ್ಪದೆ ಫಸಲು ಕೊಡುತ್ತಿದ್ದುದರಿಂದ, ಅದರ ಹಣ್ಣನ್ನೇ ಬೀಜಕ್ಕೆ ಬಿಡಿಸಿ 60 ಸಸಿ ಎಬ್ಬಿಸಿ ನೆಟ್ಟಿದ್ದೆ. ಚಂದ್ರಗಿರಿ ಗಿಡ್ಡ ತಳಿ, ಗಣ್ಣುಗಳು ಒತ್ತೊತ್ತಾಗಿರುತ್ತವೆ. ಎರಡನೆಯ ವರ್ಷ ನೋಡಿದರೆ 14 ಗಿಡಗಳು ಗಣ್ಣಿಗೂ ಗಣ್ಣಿಗೂ ನಡುವೆ ಅಂತರ ಬಿಟ್ಟು ಉದ್ದುದ್ದ ಬೆಳೆದಿದ್ದವು. ಬೇಲಿಯಾಚೆ ಎತ್ತರದ ತಳಿಯಾದ ಎಸ್.795 ಇದ್ದುದರಿಂದ, ಅದರ ಪರಾಗವೇ ಕೆಡಿಸಿತೆಂದು ಪಕ್ಕದ ತೋಟದವರನ್ನು ದೂರಿದ್ದೂ ಉಂಟು.

ತಂದೆತಾಯಿಯ ವಂಶವಾಹಿಗಳು ಸಂತಾನದಲ್ಲಿ ಹೇಗೆ ಜೋಡಿಯಾಗುತ್ತವೆಂದು ತೋರಿಸುವ ನಾಲ್ಕು ಮನೆಯ ಪನೆಟ್ ಚೌಕವನ್ನು ಪಿಯುಸಿಯಲ್ಲಿ ಕಲಿತಿದ್ದೆ. ಆಳುಗಳ ಹಾಜರಿ ಬರೆಯುವ ಚೆಕ್‌ರೋಲ್ ಪುಸ್ತಕದ ಹಿಂಬದಿಯಲ್ಲಿ ಅದನ್ನು ಬರೆದಾಗ ಆ ದೂರಿನಲ್ಲಿ ಹುರುಳಿಲ್ಲವೆಂದು ತಿಳಿಯಿತು. ಗಿಡ್ಡತನದ ವಂಶವಾಹಿ ಪ್ರಬಲ, ಜೋಡಿಯಲ್ಲಿ ಒಂದಿದ್ದರೂ ಗಿಡ ಗಿಡ್ಡವೇ. ಅದನ್ನು ‘ಗಿ’ ಎಂದೂ ಎತ್ತರದ್ದನ್ನು ‘ಎ’ ಎಂದೂ ಗುರುತಿಸಿದೆ. ತಾಯಿಗಿಡ ಶುದ್ಧ ‘ಗಿಗಿ’ ಆಗಿದ್ದರೆ, ಆಚೆಯಿಂದ ಎಷ್ಟೇ ‘ಎ’ ಪರಾಗ ಹಾರಿಬಂದರೂ ನಾಲ್ಕು ಮನೆಗಳಲ್ಲೂ ‘ಗಿಎ’ಯೇ ಬೀಳುತ್ತದೆ, ಅಂದರೆ ಸಸಿಗಳೆಲ್ಲ ಗಿಡ್ಡ. ಎತ್ತರದ ಸಸಿ ಹುಟ್ಟಬೇಕಾದರೆ ತಾಯಿಯಲ್ಲೇ ಒಂದು ‘ಎ’ ಅಡಗಿರಬೇಕು. ಚಂದ್ರಗಿರಿ ಅರೇಬಿಕಾ ಜಾತಿಯ ಕಾಫಿ, ಅರೇಬಿಕಾ ಬಹುಪಾಲು ತನ್ನದೇ ಪರಾಗದಿಂದ ಕಾಯಿ ಕಟ್ಟುವುದರಿಂದ ಚೌಕದ ಮೇಲೂ ಪಕ್ಕದಲ್ಲೂ ‘ಗಿ, ಎ’ ಎಂದೇ ಬರೆದೆ. ಒಂದು ‘ಗಿಗಿ’, ಎರಡು ‘ಗಿಎ’, ಒಂದು ‘ಎಎ’ ಬಂದವು. ನಾಲ್ಕಕ್ಕೊಂದು ಎತ್ತರವೆಂದರೆ 60ಕ್ಕೆ 15. ಚೌಕ ಹೇಳುವುದು ಸಂಭವವನ್ನೇ ಹೊರತು ಎಣಿಕೆಯನ್ನಲ್ಲವಾದ್ದರಿಂದ 14 ಬಂದದ್ದಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ. ನರ್ಸರಿಯಿಂದ ತಂದ ದಿನವೇ ಆ ಗಿಡ ಬೆರಕೆಯಾಗಿತ್ತು.

ಮರುವರ್ಷ ಹೂಮಳೆಯಾದ ಮೇಲೆ, ಮೊಗ್ಗು ಅರಳುವ ಮೊದಲೇ, ಬೇರೆ ಎರಡು ಗಿಡಗಳ ತಲಾ ಒಂದು ರೆಕ್ಕೆಗೆ, ಅಂದರೆ ಅಡ್ಡಕೊಂಬೆಗೆ, ಹೊರಗಿನ ಪರಾಗ ತಾಕದಂತೆ ತೆಳುಬಟ್ಟೆ ಕಟ್ಟಿದೆ. ಆ ಹಣ್ಣನ್ನು ನಾನೇ ಬಿಡಿಸಿ, ಬೀಜಕ್ಕೆ ಬೂದಿ ಬೆರೆಸಿ ನೆರಳಲ್ಲಿ ಆರಿಸಿ, ಗಿಡಕ್ಕೆ 16ರಂತೆ ಸಸಿ ಮಾಡಿದೆ. ‘ಎ’ ಅಡಗಿದ್ದರೆ ಒಂದೊಂದು ಸಸಿಯೂ ಗಿಡ್ಡವಾಗುವ ಸಂಭವ ಮುಕ್ಕಾಲು, 16 ಸಸಿಗೆ 16 ಮುಕ್ಕಾಲುಗಳನ್ನು ಒಂದಕ್ಕೊಂದು ಗುಣಿಸಿದರೆ ಸುಮಾರು ನೂರರಲ್ಲೊಂದು ಉಳಿಯುತ್ತದೆ. ‘ಎ’ ಅಡಗಿದ್ದೂ ಒಂದಾದರೂ ಎತ್ತರದ ಸಸಿ ಕಾಣದಿರುವ ಸಂಭವ ಅಷ್ಟೇ. ಒಂದು ಗಿಡದಿಂದ ಮೂರು ಎತ್ತರದವು ಬಂದವು, ಇನ್ನೊಂದರಿಂದ ಎಲ್ಲವೂ ಗಿಡ್ಡ. ಈಗ ಬೀಜಕ್ಕೆ ಎರಡನೆಯದೇ. ಎಲೆತುಕ್ಕು ರೋಗ ತಡೆಯುವ ಗುಣಕ್ಕೆ ಹಲವು ವಂಶವಾಹಿಗಳಿರುವುದರಿಂದ ಅದನ್ನು ನಾಲ್ಕು ಮನೆಯೊಳಗೆ ಕೂರಿಸಲು ಹೋಗಿಲ್ಲ.

ಪಕ್ಕದವರಿಗೆ ಚೌಕ ತೋರಿಸಿ ತಪ್ಪೊಪ್ಪಿಕೊಂಡೆ. ಅವರು ಅದನ್ನೇ ಒಂದಷ್ಟು ಹೊತ್ತು ನೋಡಿ ಕೇಳಿದರು: “ಹಂಗಾದ್ರೆ ಗೌಡ್ರೇ, ನಮ್ಮ 795 ಬೀಜದಲ್ಲಿ ಆಗೊಂದು ಈಗೊಂದು ಗಿಡ್ಡ ಸಸಿ ಬರ್ತಾವಲ್ಲ, ಅವು ನಿಮ್ಮ ಕಡೆಯವೇ ತಾನೆ?”